ತರಬೇತಿ ಕೋಣೆಯಲ್ಲಿ ಒಂದು ಪ್ರಶ್ನೆಯ ಬೆಲೆ

ಒಂದೇ ತರಬೇತಿಯನ್ನು ನಾಲ್ಕಾರು ದೇಶಗಳ ಸಿಬ್ಬಂದಿಗೆ ಕೊಡುವವರು ಬಿಡುವಿನ ವೇಳೆಯಲ್ಲಿ ಒಂದೆಡೆ ಸೇರಿದರೆ ಮಾತು ಬಹುಬೇಗ ದೇಶದೇಶಗಳ ಗುಣದೋಷಕ್ಕೆ ಹೊರಳುತ್ತದೆ. ಅಲ್ಲಿಯವರು ಬಾಯಿಯೇ ಬಿಡುವುದಿಲ್ಲ. ಇಲ್ಲಿಯವರು ಎಲ್ಲದಕ್ಕೂ ವಾದಕ್ಕೆ ನಿಲ್ಲುತ್ತಾರೆ. ಮತ್ತೊಂದು ಕಡೆಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಆಮೇಲೆ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಕಚೇರಿ ತರಬೇತಿಯ ಕೆಲಸದಲ್ಲಿರುವ ನಾನು ಇಂಥ ಮಾತುಗಳನ್ನು ಬೇಕಾದಷ್ಟು ಕೇಳಿದ್ದೇನೆ. ಅವು ಪೂರ್ತಿ ಸುಳ್ಳೇನಲ್ಲ, ತಂಡದಿಂದ ತಂಡಕ್ಕೆ ವ್ಯತ್ಯಾಸ ಇದ್ದೇ ಇದೆ. ಆದರೆ ಗಮನಿಸಿ ನೋಡಿದರೆ ಆ ದೂರುಗಳೆಲ್ಲ ಕಲಿಯುವವರ ಮೇಲಿರುತ್ತವೆ, ಕಲಿಸಿದ ಬಗೆಯ ಮೇಲೆ ಒಂದೂ ಇರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನಾವು ಹೊತ್ತು ತಿರುಗುವ ತರಬೇತಿಗೂ ಒಂದು ಊರಿದೆ. ವಯಸ್ಕ ಕಲಿಯುವವನು ತನಗೇನು ಬೇಕೆಂದು ತಾನೇ ನಿರ್ಧರಿಸುತ್ತಾನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುತ್ತಾನೆ, ಸ್ವಂತ ಅನುಭವವನ್ನು ಎಲ್ಲರೆದುರು ಇಡುತ್ತಾನೆ ಎಂಬ ಚಿತ್ರ 1970ರ ದಶಕದಲ್ಲಿ ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್ ಅವರ ಬರಹಗಳಿಂದ ಜನಪ್ರಿಯವಾಯಿತು. ಗುಂಪು ಚರ್ಚೆ, ಪಾತ್ರಾಭಿನಯ, 'ಯಾವ ಪ್ರಶ್ನೆಯೂ ದಡ್ಡ ಪ್ರಶ್ನೆಯಲ್ಲ' ಎಂಬ ಪೀಠಿಕೆ, ಇವೆಲ್ಲ ಆ ಚಿತ್ರಕ್ಕೆ ಹೊಂದಿಕೊಂಡು ಬೆಳೆದವು. ಚಿತ್ರವೇನೋ ಒಳ್ಳೆಯದೇ. ಆದರೆ ಅದು ಒಂದು ವಿಷಯವನ್ನು ಸದ್ದಿಲ್ಲದೆ ನಂಬಿಕೊಂಡಿದೆ: ಪ್ರಶ್ನೆ ಕೇಳುವುದಕ್ಕೆ, ಎಲ್ಲರ ಮುಂದೆ ತಪ್ಪು ಮಾಡುವುದಕ್ಕೆ ಹೆಚ್ಚೇನೂ ಖರ್ಚಿಲ್ಲ ಎಂದು. ನನ್ನ ಮಟ್ಟಿಗೆ ಸಂಸ್ಕೃತಿಗಳ ವ್ಯತ್ಯಾಸ ಕಲಿಕೆಯನ್ನು ಮುಟ್ಟುವುದು ಮುಖ್ಯವಾಗಿ ಇಲ್ಲಿಯೇ. ಜನರ ಕುತೂಹಲ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಅದನ್ನು ಬಾಯಿಬಿಟ್ಟು ತೋರಿಸಿಕೊಳ್ಳಲು ತೆರಬೇಕಾದ ಬೆಲೆ ಬೇರೆ ಬೇರೆ.

'ಏನಾದರೂ ಪ್ರಶ್ನೆಗಳಿವೆಯೇ?' ಎಂದು ತರಬೇತುದಾರ ಕೇಳಿದ ಮೇಲಿನ ಅರ್ಧ ನಿಮಿಷವನ್ನು ತೆಗೆದುಕೊಳ್ಳಿ. ಮೂರನೆಯ ಸಾಲಿನಲ್ಲಿ ಕೂತ ಒಬ್ಬಾಕೆಗೆ ಹನ್ನೊಂದನೆಯ ಸ್ಲೈಡ್ ಅರ್ಥವಾಗಿಲ್ಲ. ಕೇಳಬಹುದು. ಕೇಳಿದರೆ ಪಕ್ಕದಲ್ಲಿರುವ ಮ್ಯಾನೇಜರ್ ಇವಳಿಗೆ ಇಷ್ಟೂ ಗೊತ್ತಿಲ್ಲವೇ ಎಂದುಕೊಳ್ಳಬಹುದು, ಬಡ್ತಿಯ ಪಟ್ಟಿ ತಯಾರಾಗುತ್ತಿರುವ ಸಮಯ ಬೇರೆ. ದೂರದಿಂದ ಬಂದ ತರಬೇತುದಾರರಿಗೆ ನೀವು ಸರಿಯಾಗಿ ವಿವರಿಸಲಿಲ್ಲ ಎಂದಂತಾಗಬಹುದು. ತನ್ನೊಬ್ಬಳ ಅನುಮಾನಕ್ಕೆ ಇಪ್ಪತ್ತು ಜನರ ಸಮಯ ಹಾಳು ಮಾಡುವುದು ಒಳ್ಳೆಯ ನಡತೆಯೇ ಎಂಬುದೊಂದು. ತನಗಿಂತ ಹಿರಿಯರು ಸುಮ್ಮನಿರುವಾಗ ತಾನು ಮುಂದಾಗಿ ಮಾತಾಡುವುದು ಹೇಗೆ ಎಂಬುದೊಂದು. ಇಷ್ಟು ಲೆಕ್ಕ ಮುಗಿಯುವಷ್ಟರಲ್ಲಿ ತರಬೇತುದಾರ 'ಹಾಗಾದರೆ ಎಲ್ಲರಿಗೂ ಅರ್ಥವಾಗಿದೆ' ಎಂದು ಮುಂದಿನ ಸ್ಲೈಡಿಗೆ ಹೋಗಿರುತ್ತಾನೆ.

ಆಕೆ ಅಷ್ಟಕ್ಕೇ ಬಿಡುವುದಿಲ್ಲ. ಬಿಡುವಿನಲ್ಲಿ ಲೋಟ ಹಿಡಿದು ಹತ್ತಿರ ಬರುತ್ತಾಳೆ, ಹವಾಮಾನದಿಂದ ಮಾತು ಶುರುಮಾಡಿ ಹನ್ನೊಂದನೆಯ ಸ್ಲೈಡಿಗೆ ತರುತ್ತಾಳೆ. ವಿಡಿಯೊ ಕರೆಯಾದರೆ ಎಲ್ಲರಿಗೂ ಕಾಣುವ ಜಾಗ ಖಾಲಿ, ಖಾಸಗಿ ಸಂದೇಶಗಳ ಜಾಗ ತುಂಬಿ ತುಳುಕುತ್ತಿರುತ್ತದೆ. 'ಬಾಯಿ ಬಿಡದ' ತಂಡಗಳಿಂದ ನನಗೆ ಬಂದ ಖಾಸಗಿ ಪ್ರಶ್ನೆಗಳಷ್ಟು ಹರಿತವಾದವು ವಾಚಾಳಿ ತಂಡಗಳ ಚರ್ಚೆಯಲ್ಲೂ ಅಪರೂಪ. ಇದಕ್ಕೆ ತಿರುಗುಮುರುಗಾದದ್ದೂ ನಿಜ. ಕೆಲವು ಕಡೆ ಮಾತಾಡದೆ ಕೂತರೆ ಆಸಕ್ತಿಯಿಲ್ಲ ಎಂಬ ಹಣೆಪಟ್ಟಿ ಬೀಳುತ್ತದೆ. ಅಲ್ಲಿ ಮೌನಕ್ಕೇ ತೆರಬೇಕಾದ ಬೆಲೆ ಜಾಸ್ತಿ. ಆದ್ದರಿಂದ ಜನ ಕೇಳಲು ಏನೂ ಇಲ್ಲದಿದ್ದರೂ ಕೇಳುತ್ತಾರೆ. ಅಂಥ ಕೋಣೆಯಿಂದ ಹೊರಬಂದ ತರಬೇತುದಾರ ಖುಷಿಯಾಗಿರುತ್ತಾನೆ. ಯಾರು ಎಷ್ಟು ಕಲಿತರೆಂಬುದು ಅವನಿಗೂ ತಿಳಿದಿರುವುದಿಲ್ಲ.

ಈ ವ್ಯತ್ಯಾಸಗಳಿಗೆ ಅಂಕ ಹಾಕಿಟ್ಟವರು ನೆದರ್ಲೆಂಡ್ಸ್‌ನ ಸಮಾಜವಿಜ್ಞಾನಿ ಗೀರ್ಟ್ ಹಾಫ್‌ಸ್ಟೆಡ್. 1967ರಿಂದ 1973ರ ನಡುವೆ ಐಬಿಎಂ ಸಂಸ್ಥೆಯ ನೌಕರರಿಂದ ತುಂಬಿಸಿಕೊಂಡ ಲಕ್ಷಕ್ಕೂ ಮಿಕ್ಕಿದ ಪ್ರಶ್ನಾವಳಿಗಳನ್ನು ಇಟ್ಟುಕೊಂಡು, ಅಧಿಕಾರದ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ, ಅನಿಶ್ಚಿತತೆಯನ್ನು ಎಷ್ಟು ಸಹಿಸುತ್ತಾರೆ ಎಂಬಂಥ ಅಳತೆಗಳನ್ನು ಅವರು ದೇಶವಾರು ಕೊಟ್ಟರು. ಅವರ ಗ್ರಂಥ 1980ರಲ್ಲಿ ಬಂತು. ಅಂದಿನಿಂದ ಆ ಅಂಕಗಳಿಲ್ಲದ ತರಬೇತಿ ಕೈಪಿಡಿ ಅಪರೂಪ. ಮಾತು ಶುರುಮಾಡಲು ಅವು ಉಪಯುಕ್ತವೇ. ಆದರೆ 2002ರಲ್ಲಿ ಸಂಶೋಧಕ ಬ್ರೆಂಡನ್ ಮೆಕ್‌ಸ್ವೀನಿ ಎತ್ತಿದ ತಕರಾರುಗಳನ್ನು ಓದಿದವರು ಆ ಅಂಕಗಳನ್ನು ಜಾತಕದಂತೆ ಹಿಡಿದು ಓಡಾಡಲಾರರು. ಎಲ್ಲ ಉತ್ತರಗಳೂ ಒಂದೇ ಕಂಪನಿಯವು. ಕೆಲವು ದೇಶಗಳಲ್ಲಿ ಉತ್ತರಿಸಿದವರು 200 ಜನರೂ ಇರಲಿಲ್ಲ. ಪಾಕಿಸ್ತಾನದಲ್ಲಿ ಮೊದಲ ಸುತ್ತಿಗೆ ಸಿಕ್ಕವರು 37 ಜನ. ಅಷ್ಟು ಮಂದಿಯ ಉತ್ತರದಿಂದ ಒಂದು ದೇಶದ ಮನಸ್ಸನ್ನು ಅಳೆಯುವುದು ಧೈರ್ಯದ ಕೆಲಸವೇ ಸರಿ.

ಹಾಫ್‌ಸ್ಟೆಡ್ ಅವರ ಲೆಕ್ಕದಲ್ಲಿ ಅಧಿಕಾರದ ಅಂತರ ಕಡಿಮೆಯಿರುವ ದೇಶಗಳಲ್ಲಿ ಅವರದೇ ನೆದರ್ಲೆಂಡ್ಸ್ ಕೂಡ ಒಂದು: 38 ಅಂಕ. ಹೋಲಿಕೆಗೆ ಬೇಕಾದರೆ ಜಪಾನಿನದು 54. ಹಾಗಾದರೆ ಡಚ್ಚರ ಕೆಲಸದ ಜಾಗದಲ್ಲಿ ಕಿರಿಯ ಹಿರಿಯನನ್ನು ತಡೆಯುವುದು ಸಲೀಸಾಗಿರಬೇಕಲ್ಲವೇ? 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಏನಾಯಿತೆಂದು ನೋಡಿ. ದಟ್ಟ ಮಂಜು. ರನ್‌ವೇಯ ಒಂದು ತುದಿಯಲ್ಲಿ ನೆದರ್ಲೆಂಡ್ಸ್‌ನ ಕೆಎಲ್‌ಎಂ ಸಂಸ್ಥೆಯ ಬೋಯಿಂಗ್ 747. ಅದೇ ರನ್‌ವೇಯ ಮೇಲೆ ಇನ್ನೂ ಚಲಿಸುತ್ತಿದ್ದ ಪ್ಯಾನ್ ಆ್ಯಮ್‌ನ ಇನ್ನೊಂದು 747. ಕೆಎಲ್‌ಎಂ ಕ್ಯಾಪ್ಟನ್ ಆ ಸಂಸ್ಥೆಯ ತರಬೇತಿ ವಿಭಾಗದ ಮುಖ್ಯಸ್ಥ. ಪಕ್ಕದಲ್ಲಿದ್ದ ಸಹಪೈಲಟ್‌ಗೆ 747 ಹಾರಿಸುವ ಅರ್ಹತಾ ಪರೀಕ್ಷೆ ನಡೆಸಿ ಪಾಸು ಮಾಡಿದವರೂ ಅವರೇ, ಅದೂ ಸುಮಾರು ಎರಡು ತಿಂಗಳ ಹಿಂದೆ.

ಕ್ಯಾಪ್ಟನ್ ಮೊದಲ ಬಾರಿ ಹೊರಡಲು ಅಣಿಯಾದಾಗ ಸಹಪೈಲಟ್ ತಡೆದರು: ನಮಗಿನ್ನೂ ಅನುಮತಿ ಸಿಕ್ಕಿಲ್ಲ. ಅದು ನನಗೆ ಗೊತ್ತು, ಕೇಳು, ಎಂಬ ಉತ್ತರ ಬಂತು. ಹಾರಿದ ಮೇಲಿನ ಮಾರ್ಗದ ವಿವರವನ್ನು ನಿಯಂತ್ರಣ ಗೋಪುರ ಹೇಳುತ್ತಿದ್ದಂತೆ, ಹಾರಲು ಅನುಮತಿಯೇ ಸಿಕ್ಕಿತೆಂಬಂತೆ ಕ್ಯಾಪ್ಟನ್ ಮತ್ತೆ ಹೊರಟರು. ಈ ಸಲ ಸಹಪೈಲಟ್ ತಡೆಯಲಿಲ್ಲ. ವಿಮಾನ ಓಡಲಾರಂಭಿಸಿದ ಮೇಲೆ ಫ್ಲೈಟ್ ಎಂಜಿನಿಯರ್, ಆ ಇನ್ನೊಂದು ವಿಮಾನ ದಾರಿ ಬಿಟ್ಟಿದೆಯೋ ಇಲ್ಲವೋ ಎಂದು ವಿಚಾರಿಸಿದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಬಿಟ್ಟಿರಲಿಲ್ಲ. 583 ಜನ ಸತ್ತರು.

ನನಗೆ ಇಲ್ಲಿ ಎದ್ದು ಕಾಣುವುದು ಆ ಎರಡನೆಯ ಸಲದ ಸುಮ್ಮನಿರುವಿಕೆ. ದೇಶ ಅದೇ, ಮನುಷ್ಯ ಅವನೇ, ಕೋಣೆ ಅದೇ. ಒಂದು ಸಲ ತಿದ್ದಲು ಬೇಕಾದ ಧೈರ್ಯ ಆತನಲ್ಲಿತ್ತು. ತನ್ನನ್ನು ಪಾಸು ಮಾಡಿದ ಪರೀಕ್ಷಕನನ್ನು ಒಂದು ನಿಮಿಷದೊಳಗೇ ಎರಡನೆಯ ಸಲ ತಿದ್ದಲು ಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು. ದೇಶಕ್ಕೆ ಸಿಕ್ಕ 38 ಅಂಕ ಆ ಹೊತ್ತಿನಲ್ಲಿ ನೆರವಿಗೆ ಬರಲಿಲ್ಲ. ತರಬೇತಿ ಕೊಟ್ಟವನೇ ಮೌಲ್ಯಮಾಪನ ಮಾಡುವವನೂ ಆದರೆ ಕಲಿಯುವವನ ನಾಲಿಗೆ ಯಾವ ದೇಶದಲ್ಲಾದರೂ ಭಾರವಾಗುತ್ತದೆ.

ಮರುವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ ಸಂಸ್ಥೆಯ ವಿಮಾನ ಇಂಧನ ಮುಗಿದು ಬಿತ್ತು. ಇಂಧನ ಕಡಿಮೆಯಾಗುತ್ತಿರುವುದು ಕಾಕ್‌ಪಿಟ್‌ನಲ್ಲಿದ್ದವರಿಗೆ ಗೊತ್ತಿತ್ತು, ಕ್ಯಾಪ್ಟನ್‌ಗೆ ನಾಟುವಂತೆ ಹೇಳಿದವರಿಲ್ಲ. 1979ರಲ್ಲಿ ನಾಸಾ ಇದೇ ವಿಷಯದ ಮೇಲೆ ಕಾರ್ಯಾಗಾರ ನಡೆಸಿತು, 1981ರಲ್ಲಿ ಯುನೈಟೆಡ್ ಹೊಸ ತರಬೇತಿ ಆರಂಭಿಸಿತು. ಕಾಕ್‌ಪಿಟ್‌ನ ಹಿರಿಯ ಕಿರಿಯರು ಮುಚ್ಚುಮರೆಯಿಲ್ಲದೆ ಮಾತಾಡಿಕೊಂಡು ಕೆಲಸ ಮಾಡುವುದನ್ನು ಕಲಿಸುವ, ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಎಂಬ ಹೆಸರಿನ ಈ ತರಬೇತಿ ಈಗ ಲೋಕದ ತುಂಬ ಇದೆ. ಆದರೆ ಅಮೆರಿಕದ ಪಾಠಗಳನ್ನು ಹಾಗೆಹಾಗೆಯೇ ಬೇರೆಡೆ ಕೊಂಡೊಯ್ದಾಗ ಅವು ಎಲ್ಲ ಕಡೆ ನಾಟಲಿಲ್ಲ. ಈ ಬಗ್ಗೆ ಹಲವು ದೇಶಗಳ ಪೈಲಟ್‌ಗಳ ನಡುವೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೆಲ್ಮ್‌ರೈಕ್ ಮತ್ತು ಸಂಗಡಿಗರು ಬರೆದಿದ್ದಾರೆ. 'ದಿಟ್ಟವಾಗಿ ಮಾತಾಡಿ' ಎಂಬ ಉಪದೇಶ ಹಿರಿತನಕ್ಕೆ ಮಣೆ ಹಾಕುವ ಕಡೆಗಳಲ್ಲಿ ಅಹಂಕಾರ ಕಲಿಸಿದಂತೆ ಕೇಳಿಸುತ್ತದೆ. ಅದರ ಬದಲು ಇಂತಿಷ್ಟು ಎತ್ತರದಲ್ಲಿ ಇಂತಿಷ್ಟು ವೇಗ ಮೀರಿದ್ದರೆ ಸಹಪೈಲಟ್ ಇಂಥ ಮಾತನ್ನೇ ಕೂಗಿ ಹೇಳತಕ್ಕದ್ದು, ಇಬ್ಬರಲ್ಲಿ ಯಾರು ಹೇಳಿದರೂ ಇಳಿಯುವುದನ್ನು ಕೈಬಿಟ್ಟು ಮೇಲೇರತಕ್ಕದ್ದು ಎಂದು ನಿಯಮ ಮಾಡಿದರೆ ಆಟವೇ ಬದಲಾಗುತ್ತದೆ. ಈಗ ಕೂಗುವುದು ಉದ್ಧಟತನವಲ್ಲ, ಕೂಗದಿರುವುದೇ ಕರ್ತವ್ಯಲೋಪ. ಹಿರಿಯರ ಮಾತು ಮೀರಬಾರದೆಂಬ ಸಂಸ್ಕಾರವೇ ಇಲ್ಲಿ ಕೂಗಲು ಬಲ ಕೊಡುತ್ತದೆ, ಏಕೆಂದರೆ ಹಿರಿಯರೇ ಹೇಳಿದ ನಿಯಮವದು. ಸಹಪೈಲಟ್‌ನ ಸ್ವಭಾವಕ್ಕೆ ಕೈ ಹಚ್ಚದೆ, ಮಾತಾಡಲು ಅವನು ತೆರಬೇಕಾದ ಬೆಲೆಯನ್ನು ಇಳಿಸಿದಂತಾಯಿತು.

ಕಾರು ಕಾರ್ಖಾನೆಯ ಕತೆ ಇದಕ್ಕಿಂತ ಸೊಗಸಾಗಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಗೈರುಹಾಜರಿ, ಜಗಳ, ಕಳಪೆ ಕಾರುಗಳಿಗೆ ಹೆಸರುವಾಸಿಯಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆಗಿನ ಪಾಲುದಾರಿಕೆಯಲ್ಲಿ ನುಮ್ಮಿ ಎಂಬ ಹೆಸರಿನಿಂದ ಮತ್ತೆ ತೆರೆಯಿತು. ಕಾರ್ಮಿಕರಲ್ಲಿ ಬಹುಪಾಲು ಹಳಬರೇ, ಸಂಘವೂ ಹಳೆಯದೇ. ತಂಡದ ಮುಂದಾಳುಗಳನ್ನು ನೂರಾರು ಸಂಖ್ಯೆಯಲ್ಲಿ ಜಪಾನಿನ ಟಕಾವೊಕಾ ಕಾರ್ಖಾನೆಗೆ ಕಳಿಸಿ, ಅಲ್ಲಿನ ಕೆಲಸಗಾರರ ಪಕ್ಕದಲ್ಲಿ ನಿಲ್ಲಿಸಿ ಕಲಿಸಿದರು. ಹಳೆಯ ಫ್ರೀಮಾಂಟ್‌ನಲ್ಲಿ ಉತ್ಪಾದನಾ ಸಾಲನ್ನು ನಿಲ್ಲಿಸುವುದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ತಪ್ಪು ಕಂಡರೂ ಕಾರು ಮುಂದೆ ಹೋಗಲಿ, ಕೊನೆಯಲ್ಲಿ ಯಾರೋ ರಿಪೇರಿ ಮಾಡುತ್ತಾರೆ. ಹೊಸ ವ್ಯವಸ್ಥೆಯಲ್ಲಿ ಪ್ರತಿಯೊಬ್ಬನ ತಲೆಯ ಮೇಲೆ ಒಂದು ಹಗ್ಗ. ಬೋಲ್ಟ್ ಸರಿಯಾಗಿ ಕೂರದಿದ್ದರೆ, ಕೈ ತಡವಾದರೆ, ಅನುಮಾನ ಬಂದರೆ ಎಳೆಯಬೇಕು. ಎಳೆದ ಕೂಡಲೇ ತಂಡದ ಮುಂದಾಳು ಓಡಿ ಬರುತ್ತಾನೆ, ಬೈಯಲಿಕ್ಕಲ್ಲ, ಏನು ಸಮಸ್ಯೆ ಎಂದು ಕೇಳಲಿಕ್ಕೆ. ಕಾರು ನಿಗದಿತ ಜಾಗ ದಾಟುವುದರೊಳಗೆ ಸರಿಹೋದರೆ ಸಾಲು ನಿಲ್ಲುವುದೇ ಇಲ್ಲ, ಇಲ್ಲದಿದ್ದರೆ ನಿಲ್ಲುತ್ತದೆ.

ಜಪಾನಿನ ಶಿಸ್ತು ಅಮೆರಿಕದವರಿಗೆ ಒಗ್ಗುವುದಿಲ್ಲ ಎಂದು ಆಗ ಹೇಳಿದವರು ಬಹಳ. ಒಗ್ಗಿತು. ಗುಣಮಟ್ಟ ಮೇಲೇರಿತು, ಗೈರುಹಾಜರಿ ಬಿದ್ದುಹೋಯಿತು. ಹಗ್ಗ ಮಾತ್ರ ಮಾಡಿದ್ದಲ್ಲ ಅದು. 1988ರಲ್ಲಿ ಕಾರುಗಳ ಬೇಡಿಕೆ ಕುಸಿದಾಗ ಕಂಪನಿ ಯಾರನ್ನೂ ಮನೆಗೆ ಕಳಿಸಲಿಲ್ಲ. ಕೆಲಸವಿಲ್ಲದವರನ್ನು ತರಬೇತಿಗೂ ಸುಧಾರಣೆಯ ಕೆಲಸಗಳಿಗೂ ಹಚ್ಚಿತು. ತಪ್ಪು ತೋರಿಸಿದರೆ ಅನ್ನಕ್ಕೆ ಸಂಚಕಾರವಿಲ್ಲ ಎಂಬುದು ಕಾರ್ಮಿಕರಿಗೆ ನಂಬಿಕೆಯಾದದ್ದು ಭಾಷಣಗಳಿಂದಲ್ಲ. ಅದೇ ಜನರಲ್ ಮೋಟಾರ್ಸ್ ತನ್ನ ಬೇರೆ ಕಾರ್ಖಾನೆಗಳಲ್ಲಿ ಹಗ್ಗವನ್ನಷ್ಟೇ ತಂದಾಗ, ಎಳೆದವರ ಮೇಲೆ ಮೇಲ್ವಿಚಾರಕರು ರೇಗಿದ ಪ್ರಸಂಗಗಳಿವೆ. ಒಂದೇ ದೇಶ, ಒಂದೇ ಕಂಪನಿ. ಎಳೆಯಲು ತೆರಬೇಕಾದ ಬೆಲೆ ಬೇರೆ.

ಈ ಕತೆಗೊಂದು ಬಾಲವಿದೆ. ನುಮ್ಮಿಯಲ್ಲಿ 'ಜಪಾನಿನ ಪದ್ಧತಿ' ಎಂದು ಹೇಳಿಕೊಟ್ಟ ಕೆಲಸ ಕಲಿಸುವ ಕ್ರಮದ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಅಮೆರಿಕ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅನುಭವಸ್ಥರು ಯುದ್ಧಕ್ಕೆ ಹೋಗಿ, ಕಾರ್ಖಾನೆಗಳಿಗೆ ಹೊಸಬರು ಬಂದು ತುಂಬಿದಾಗ ಅಲ್ಲಿನ ಸರ್ಕಾರ 1940ರಿಂದ 1945ರವರೆಗೆ ಟಿಡಬ್ಲ್ಯುಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಎಂಬ ತರಬೇತಿ ನಡೆಸಿತ್ತು. ಮೇಲ್ವಿಚಾರಕರ ಜೇಬಿಗೆ ಒಂದು ಚಿಕ್ಕ ಕಾರ್ಡು. ಕೆಲಸಗಾರನನ್ನು ಅಣಿಗೊಳಿಸು, ಮಾಡಿ ತೋರಿಸು, ಅವನಿಂದ ಮಾಡಿಸಿ ನೋಡು, ಆಮೇಲೂ ಹಿಂಬಾಲಿಸಿ ವಿಚಾರಿಸು. ಕೆಲಸಗಾರ ಕಲಿತಿಲ್ಲವೆಂದರೆ ಕಲಿಸುವವನು ಕಲಿಸಿಲ್ಲವೆಂದೇ ಅರ್ಥ. ಯುದ್ಧ ಮುಗಿದ ಮೇಲೆ ಅಮೆರಿಕ ಅದನ್ನು ಮೂಲೆಗೆಸೆಯಿತು. ಸೋತ ಜಪಾನ್ ಎತ್ತಿಕೊಂಡಿತು, ಟೊಯೊಟಾ ಉಳಿಸಿಕೊಂಡಿತು, ನಲವತ್ತು ವರ್ಷಗಳ ನಂತರ ಅದು 'ಪೂರ್ವದ ಸಂಸ್ಕೃತಿ' ಎಂಬ ಹೆಸರು ಹೊತ್ತು ಊರಿಗೆ ಮರಳಿತು. ಸಂಸ್ಕೃತಿಯನ್ನು ಕಲ್ಲಿನ ಮೇಲಿನ ಬರಹವೆಂದು ನಂಬುವವರು ಇದಕ್ಕೇನು ಹೇಳುತ್ತಾರೋ ಕೇಳಬೇಕು.

ಆ ಕಾರ್ಡಿನ ಕೊನೆಯ ಸಾಲನ್ನು ಓದಿದಾಗೆಲ್ಲ ನನಗೆ ಅದರ ಎದುರು ಧ್ರುವದಲ್ಲಿರುವ ಕಲಿಕೆಯ ಬಗೆಗಳೂ ನೆನಪಾಗುತ್ತವೆ. ಕಲಿಸುವುದೆಂದರೆ ಹೇಳುವುದು ಎಂದು ಎಲ್ಲರೂ ಭಾವಿಸಿಲ್ಲ. ನೋಡಿ ಕಲಿ, ಕೇಳಬೇಡ ಎಂಬುದು ಹಲವು ಕಸುಬುಗಳ ಹಳೆಯ ಕ್ರಮ. ಇಂಥ ಕಡೆ ಕೆಲಸಕ್ಕೆ ಸೇರಿದ ಹೊರಗಿನವನು ತಿಂಗಳಾದರೂ ತನಗೆ ಯಾರೂ ತರಬೇತಿಯನ್ನೇ ಕೊಟ್ಟಿಲ್ಲವೆಂದು ದೂರುತ್ತಾನೆ. ಹಿರಿಯರಿಗೋ, ದಿನವಿಡೀ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದೆವಲ್ಲ, ಇನ್ನೇನು ಬೇಕಿತ್ತು ಎಂಬ ಅಚ್ಚರಿ.

ಲೈಬೀರಿಯಾದ ದರ್ಜಿಗಳ ನಡುವೆ 1970ರ ದಶಕದಲ್ಲಿ ಕ್ಷೇತ್ರಕಾರ್ಯ ನಡೆಸಿದ ಮಾನವಶಾಸ್ತ್ರಜ್ಞೆ ಜೀನ್ ಲೇವ್ ಕಂಡದ್ದನ್ನು ಪ್ರತಿ ತರಬೇತುದಾರನೂ ತಿಳಿದಿರಬೇಕು. ಬಟ್ಟೆ ತಯಾರಾಗುವ ಕ್ರಮ ಎಂದರೆ ಮೊದಲು ಕತ್ತರಿಸುವುದು, ಆಮೇಲೆ ಹೊಲಿಯುವುದು, ಕೊನೆಗೆ ಗುಂಡಿ ಹಚ್ಚಿ ಅಂಚು ಮಡಚುವುದು. ಹುಡುಗರು ಕಲಿಯುತ್ತಿದ್ದುದು ಸರಿಯಾಗಿ ಇದರ ತಿರುವುಮುರುವಾಗಿ. ಮೊದಲು ಗುಂಡಿ, ಅಂಚು. ಆಮೇಲೆ ಹೊಲಿಗೆ. ಕತ್ತರಿ ಕೈಗೆ ಬರುವುದು ಕಟ್ಟಕಡೆಗೆ. ಉಡುಪುಗಳಲ್ಲೂ ಟೋಪಿ, ಮಕ್ಕಳ ಒಳ ಉಡುಪಿನಿಂದ ಶುರುವಾಗಿ ಸೂಟಿಗೆ ಮುಗಿಯುತ್ತಿತ್ತು. ಯಾರೂ ಪಾಠ ಮಾಡುತ್ತಿರಲಿಲ್ಲ, ಪಠ್ಯವೂ ಇರಲಿಲ್ಲ. ಆದರೆ ಆ ಕ್ರಮದಲ್ಲೇ ಪಾಠ ಅಡಗಿತ್ತು. ಗುಂಡಿ ಹಚ್ಚುವ ಹುಡುಗನ ಕೈಯಲ್ಲಿ ಪೂರ್ತಿಯಾದ ಉಡುಪಿರುತ್ತದೆ. ಯಾವ ತುಂಡು ಎಲ್ಲಿಗೆ ಸೇರುತ್ತದೆಂದು ಅವನು ಹೊಲಿಗೆ ಯಂತ್ರ ಮುಟ್ಟುವ ಮೊದಲೇ ಕಂಡಿರುತ್ತಾನೆ. ಜೊತೆಗೆ, ಗುಂಡಿ ತಪ್ಪಿದರೆ ಕಿತ್ತು ಮತ್ತೆ ಹಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಎಲ್ಲಿ ತಪ್ಪಿಗೆ ಬೆಲೆ ಕಡಿಮೆಯೋ ಅಲ್ಲಿಂದ ಕಲಿಕೆ ಶುರು. ನಮ್ಮ ಕಂಪನಿಗಳ ಮೊದಲ ವಾರದ ತರಬೇತಿ ಸಂಸ್ಥೆಯ ಇತಿಹಾಸ, ಧ್ಯೇಯವಾಕ್ಯ, ಮೌಲ್ಯಗಳಿಂದ ಆರಂಭವಾಗುವುದನ್ನು ನೋಡಿದಾಗ ಆ ದರ್ಜಿಗಳನ್ನು ಸಲಹೆಗಾರರನ್ನಾಗಿ ಕರೆಸಬೇಕೆನಿಸುತ್ತದೆ.

ಬಾಯಿಪಾಠದ ಬಗ್ಗೆಯೂ ಒಂದು ಮಾತು. ಚೀನಾದ ವಿದ್ಯಾರ್ಥಿಗಳು ಉರು ಹೊಡೆಯುತ್ತಾರೆ, ಆದರೂ ಪರೀಕ್ಷೆಗಳಲ್ಲಿ ಆಳವಾದ ತಿಳಿವಳಿಕೆ ತೋರಿಸುತ್ತಾರೆ, ಇದು ಹೇಗೆ ಎಂದು 1990ರ ದಶಕದಲ್ಲಿ ಸಂಶೋಧಕರು ತಲೆ ಕೆಡಿಸಿಕೊಂಡಿದ್ದರು. ಮತ್ತೆ ಮತ್ತೆ ಹೇಳಿಕೊಳ್ಳುವುದೇ ಅನೇಕರಿಗೆ ಅರ್ಥದೊಳಕ್ಕೆ ಇಳಿಯುವ ದಾರಿ ಎಂಬುದು ಅವರಿಗೆ ಸಿಕ್ಕ ಉತ್ತರ. ಕೈಪಿಡಿಯನ್ನು ಅಕ್ಷರಶಃ ಒಪ್ಪಿಸುವ ಉದ್ಯೋಗಿಯನ್ನು ಗಿಣಿ ಎಂದು ತಳ್ಳಿಹಾಕುವ ಮೊದಲು ಮುಂದಿನ ವಾರ ಅವನು ಕೆಲಸ ಮಾಡುವುದನ್ನು ನೋಡಬೇಕು.

ಇನ್ನು ಅಭಿಪ್ರಾಯ ಪತ್ರ. ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಫಲವನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕೆಂದರು: ಕಲಿತವರಿಗೆ ಹೇಗನಿಸಿತು, ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿತು, ಸಂಸ್ಥೆಗೆ ಏನು ದಕ್ಕಿತು. ಬಹಳಷ್ಟು ಸಂಸ್ಥೆಗಳ ಉತ್ಸಾಹ ಮೊದಲ ಹಂತದಲ್ಲೇ ಮುಗಿಯುತ್ತದೆ. ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ? ಈ ಅಂಕ ಕೊಡುವುದರಲ್ಲೂ ರೂಢಿಗಳು ಬೇರೆ. ಜಪಾನ್, ತೈವಾನ್, ಕೆನಡಾ, ಅಮೆರಿಕಗಳ ವಿದ್ಯಾರ್ಥಿಗಳನ್ನು ಹೋಲಿಸಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪೂರ್ವ ಏಷ್ಯಾದವರು ಅಳತೆಪಟ್ಟಿಯ ನಡುವಿನ ಅಂಕವನ್ನೂ ಅಮೆರಿಕದವರು ತುದಿಗಳನ್ನೂ ಹೆಚ್ಚಾಗಿ ಆರಿಸಿಕೊಂಡದ್ದು ಕಂಡಿತು. ಒಬ್ಬರ ಮೂರು ಇನ್ನೊಬ್ಬರ ನಾಲ್ಕೂವರೆಗೆ ಸಮವಿರಬಹುದು. ಇದು ತಿಳಿದೂ ಮುಖ್ಯ ಕಚೇರಿಗಳು ದೇಶವಾರು ಸರಾಸರಿ ತೆಗೆದು, ದಶಾಂಶದ ಎರಡನೆಯ ಸ್ಥಾನದವರೆಗೆ ಲೆಕ್ಕ ಹಾಕಿ, ಯಾವ ತರಬೇತುದಾರ ಉತ್ತಮನೆಂದು ತೀರ್ಮಾನಿಸುತ್ತವೆ. ಎಲ್ಲರೂ ಐದು ಕೊಟ್ಟ ತರಬೇತಿಗಳ ಬಗ್ಗೆ ನನಗಂತೂ ಅನುಮಾನವೇ ಹೆಚ್ಚು. ಅತಿಥಿಗೆ ಮುಜುಗರ ಮಾಡಬಾರದೆಂಬ ಸೌಜನ್ಯ ಅದರಲ್ಲಿ ಎಷ್ಟು ಪಾಲೋ ಯಾರಿಗೆ ಗೊತ್ತು.

ಹೀಗಾಗಿ ಹೊಸ ತಂಡವೊಂದಕ್ಕೆ ತರಬೇತಿ ಕೊಡುವ ಮೊದಲು ನಾನು ವಿಚಾರಿಸುವ ಸಂಗತಿಗಳಲ್ಲಿ ದೇಶದ ಹೆಸರಿಗೆ ಕೊನೆಯ ಜಾಗ. ಕೋಣೆಯಲ್ಲಿ ಯಾರ ಬಾಸ್ ಯಾರು? ಕಳೆದ ಬಾರಿ ತಪ್ಪನ್ನು ತಾನಾಗಿ ಹೇಳಿಕೊಂಡವನಿಗೆ ಏನಾಯಿತು? ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವಾಗ ಜನ ಬಾಗಿಲ ಕಡೆ ನೋಡಿದರೆ ನನ್ನ ತಯಾರಿ ಬದಲಾಗುತ್ತದೆ. ಪ್ರಶ್ನೆಗಳನ್ನು ಒಬ್ಬೊಬ್ಬರಾಗಿ ಕೇಳುವ ಬದಲು ಮೂವರು ಕೂಡಿ ಒಂದು ಬರೆದು ಕೊಡಲಿ ಎನ್ನುತ್ತೇನೆ. ಆಗ ಅದು ಯಾರ ಅಜ್ಞಾನವೂ ಅಲ್ಲ, ಗುಂಪಿನ ಪ್ರಶ್ನೆ. ಅರ್ಥವಾಯಿತೇ ಎಂದು ಕೇಳುವುದನ್ನು ಬಿಟ್ಟು, ಇದನ್ನು ನಾಳೆ ಬರುವ ಹೊಸಬನಿಗೆ ಹೇಗೆ ಹೇಳಿಕೊಡುತ್ತೀರಿ ತೋರಿಸಿ ಎನ್ನುತ್ತೇನೆ. ಹೌದು ಎಂಬ ಉತ್ತರಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ಪಾತ್ರಾಭಿನಯವನ್ನು ಬಹುತೇಕ ಕೈಬಿಟ್ಟಿದ್ದೇನೆ. ಸಹೋದ್ಯೋಗಿಗಳ ಮುಂದೆ ನಟಿಸಲು ಸಂಕೋಚಪಡುವವರು ಲೋಕದಲ್ಲಿ ಬಹಳ ಜನ, ಅದಕ್ಕೆ ಸಂಸ್ಕೃತಿಯ ನೆಪ ಬೇಡ.

ಮ್ಯಾನೇಜರ್ ವಿಷಯವೊಂದು ಮಾತ್ರ ಇನ್ನೂ ಕಗ್ಗಂಟೇ. ಅವರನ್ನು ಹೊರಗಿಟ್ಟರೆ ಕೆಲವು ತಂಡಗಳು ಬಿಚ್ಚಿ ಮಾತಾಡುತ್ತವೆ. ಕೆಲವು ತಂಡಗಳು, ದೊಡ್ಡವರೇ ಬಾರದ ಮೇಲೆ ಇದೇನು ಮುಖ್ಯ ತರಬೇತಿಯಲ್ಲ ಎಂದುಕೊಳ್ಳುತ್ತವೆ. ಎರಡನೆಯ ಬಗೆಯ ತಂಡವಾದರೆ ಮ್ಯಾನೇಜರ್ ಜೊತೆ ಮುಂಚಿತವಾಗಿ ಮಾತಾಡಿ, ಅತ್ಯಂತ ಪ್ರಾಥಮಿಕವಾದ ಪ್ರಶ್ನೆಯೊಂದನ್ನು ಮೊದಲು ಅವರೇ ಎದ್ದು ಕೇಳುವಂತೆ ಒಪ್ಪಿಸುತ್ತೇನೆ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗೂ ಕೇಳಿಸುವಂತೆ, ನಿಜವಾಗಿಯೂ ತಮಗೆ ಗೊತ್ತಿಲ್ಲದ್ದನ್ನೇ ಕೇಳಬೇಕು. ನಟನೆಯಾದರೆ ಸಿಬ್ಬಂದಿ ಕ್ಷಣದಲ್ಲಿ ಹಿಡಿದುಬಿಡುತ್ತಾರೆ. ಒಪ್ಪುವವರಿದ್ದಾರೆ. ಒಪ್ಪದವರ ತಂಡಗಳಿಗೆ ತರಬೇತಿಯ ದಿನ ಗೊತ್ತುಮಾಡುವ ಗೋಜಿಗೆ ನಾನು ಈಗೀಗ ಹೋಗುವುದಿಲ್ಲ. ಮ್ಯಾನೇಜರನ್ನೇ ಇನ್ನೊಮ್ಮೆ ಹೋಗಿ ಕಾಣುತ್ತೇನೆ.